ನಾಲ್ಕು ನಿಮಿಷದ ಮೋಟರು

ಗುಮಾಸ್ತರ ಸಕಲ ಸಂಕಟಗಳಿಗೂ ಮೂಲ ಮೂರೇ ಮೂರು ಪದ. ಅವನ್ನು ಅವರು ಆಡಿದ್ದು ಒಂದು ಭಾನುವಾರ ಬೆಳಿಗ್ಗೆ, ಕೆರೆಯ ಕಟ್ಟೆಯ ಮೇಲೆ ನಿಂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು.

"ಸಾರ್, ಮೋಟರಿನ ವಿಚಾರ ನಿಮಗೆ ಗೊತ್ತಲ್ವಾ?" ಎಂದು ಕೇಳಿದ ದೋಣಿ ಮಾರುವವನು.

"ಮತ್ತೆ? ಗೊತ್ತಿಲ್ದೆ ಏನು!" ಎಂದರು ಗುಮಾಸ್ತರು.

ಹಾಗೆ ಯಾಕೆ ಅಂದರೋ ಅವರಿಗೇ ತಿಳಿಯದು. ಮೂವತ್ತೊಂದು ವರ್ಷದಿಂದ ಅವರು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೇ ಫೈಲುಗಳ ಧೂಳು ಕುಡಿಯುತ್ತಾ ಬಂದವರು. ಅವರಿಗೆ ಪರಿಚಯವಿದ್ದ ಯಂತ್ರಗಳು ಎರಡು. ಕಾಗದಕ್ಕೆ ತೂತು ಹಾಕುವುದು ಒಂದು, ಪಿನ್ನು ಹೊಡೆಯುವುದು ಇನ್ನೊಂದು. ಎರಡನೆಯದು ಕೈಕೊಟ್ಟಾಗ ಪಕ್ಕದ ಮೇಜಿನವರನ್ನು ಕರೆಯುತ್ತಿದ್ದರು. ಆದರೆ ಆ ದಿನ ಅವರ ತಲೆಯ ಮೇಲೆ ಹೊಸದೊಂದು ಅಗಲ ಅಂಚಿನ ಟೋಪಿ ಇತ್ತು. ಅಂಥ ಟೋಪಿ ಇಟ್ಟುಕೊಂಡ ಮನುಷ್ಯ ನಾಲ್ಕು ಜನರ ಎದುರು "ಗೊತ್ತಿಲ್ಲ" ಅನ್ನುವುದಾದರೂ ಹೇಗೆ?

"ಹಾಗಾದ್ರೆ ನಿಮಗೆ ನಾನು ಹೇಳಿಕೊಡೋದೇನಿದೆ ಬಿಡಿ," ಎಂದು ಮಾರುವವನು ಹಗ್ಗವನ್ನು ಅವರ ಕೈಗೆ ಕೊಟ್ಟು, ಸ್ವಲ್ಪ ಅವಸರದಲ್ಲೇ ಹೊರಟುಹೋದ.

ಗುಮಾಸ್ತರಿಗೆ ದೋಣಿಯ ಹುಚ್ಚು ಹಿಡಿದಿತ್ತು ಎಂದು ಬೀದಿಯವರೆಲ್ಲ ಆಡಿಕೊಂಡರು. ಅದು ತಪ್ಪು. ಅವರಿಗೆ ನೀರೆಂದರೆ ಭಯ. ದೋಣಿ ಬೇಕಾಗಿದ್ದುದು ಹೆಂಡತಿಗೋಸ್ಕರ. ಆಕೆಯ ಅಕ್ಕನ ಮನೆ ಇದ್ದದ್ದು ಕೆರೆಯ ಆಚೆ ದಡದಲ್ಲಿ. ಮಹಡಿ ಮೇಲೆ ಬಟ್ಟೆ ಒಣಹಾಕಲು ಹೋದರೆ ಅಕ್ಕನ ಮನೆಯ ಕೆಂಪು ಹೆಂಚು ಕಾಣುತ್ತಿತ್ತು. ಜನರನ್ನು ದಾಟಿಸುತ್ತಿದ್ದ ಲಾಂಚು ನಿಂತು ಎರಡು ವರ್ಷವಾಗಿತ್ತು. ಬಸ್ಸಿನಲ್ಲಿ ಹೋಗೋಣವೆಂದರೆ ಕೆರೆಯನ್ನು ಬಳಸಿ ಮೂರು ಗಂಟೆಯ ದಾರಿ, ಎರಡನೇ ತಿರುವಿನಲ್ಲೇ ಆಕೆಗೆ ವಾಂತಿ. ಅಕ್ಕನೇ ಬರೋಣವೆಂದರೆ ಅವಳಿಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲಾರಳು. ಹೀಗಾಗಿ ಎರಡು ವರ್ಷದಿಂದ ಅಕ್ಕ ತಂಗಿ ಫೋನಿನಲ್ಲಿ ಮಾತಾಡುತ್ತಾ, ತಂಗಿ ಮಹಡಿಯಿಂದ, ಅಕ್ಕ ಅಂಗಳದಿಂದ ಒಬ್ಬರ ಮನೆಯನ್ನು ಒಬ್ಬರು ನೋಡುತ್ತಾ ಇದ್ದರು. ಒಂದು ಸಂಜೆ ಹೆಂಡತಿ ಒದ್ದೆ ಟವೆಲ್ಲು ಹಿಡಿದು ಆ ಕಡೆ ನೋಡುತ್ತಾ ನಿಂತೇ ಇದ್ದದ್ದನ್ನು ಗುಮಾಸ್ತರು ಕಂಡರು. ಮುಂದಿನ ಭಾನುವಾರ ದೋಣಿ ಕೊಂಡರು.

"ನಾನು ಹತ್ತಲ್ಲ," ಎಂದಳು ಹೆಂಡತಿ, ಒಂದೇ ಮಾತಿಗೆ.

"ನಿನಗೋಸ್ಕರಾನೇ ತಂದಿದ್ದು ಕಣೇ!"

"ಹಾರ್ಮೋನಿಯಮ್ಮೂ ನನಗೋಸ್ಕರಾನೇ ತಂದಿದ್ರಿ. ನೋಡಿ, ಆ ದಡಕ್ಕೆ ಕಾಲು ಗಂಟೆ ಬೇಕು. ಈ ಮೋಟರು ನನ್ನ ಕಣ್ಣೆದುರಿಗೆ ಕಾಲು ಗಂಟೆ ನಿಲ್ಲದೆ ಓಡಲಿ. ಆಮೇಲೆ ಹತ್ತೋ ಮಾತು."

ಹುಟ್ಟು ಹಾಕಿಕೊಂಡು ಹೋಗಬಹುದಿತ್ತಲ್ಲ ಎಂದು ಕೇಳುವವರು ಗುಮಾಸ್ತರ ಭುಜವನ್ನು ನೋಡಿಲ್ಲ. ಮೊದಲ ದಿನ ಹುಟ್ಟು ಹಿಡಿದು ಅರ್ಧ ಗಂಟೆ ಬೆವರು ಸುರಿಸಿ ತಲೆಯೆತ್ತಿದಾಗ ಅವರು ಹೊರಟ ಕಟ್ಟೆಯಲ್ಲೇ ಇದ್ದರು, ಮುಖ ಮಾತ್ರ ಬೇರೆ ಕಡೆಗಿತ್ತು.

ಆದ್ದರಿಂದ ಮೋಟರೇ ಗತಿ. ಅದಕ್ಕೆ ಅರವತ್ತು ವರ್ಷವಂತೆ, ಗುಮಾಸ್ತರಿಗಿಂತ ಮೂರು ವರ್ಷ ಹಿರಿಯದು. ದೋಣಿಯ ಹಿಂಬದಿಗೆ ಕಚ್ಚಿಸುವಂಥದ್ದು. ಕೆಳಗೆ ನೀರು ಕಡೆಯುವ ರೆಕ್ಕೆ, ನಡುವೆ ಕರಿ ಹಿಡಿದ ಎಂಜಿನ್ನು, ನೆತ್ತಿಯ ಮೇಲೆ ದುಂಡನೆಯ ಪೆಟ್ರೋಲ್ ಟ್ಯಾಂಕು. ಚಕ್ರಕ್ಕೆ ಹಗ್ಗ ಸುತ್ತಿ ಎಳೆದರೆ ಹೊತ್ತಿಕೊಳ್ಳಬೇಕು. ಇದನ್ನು ಗಾಳಿಯಲ್ಲಿ ಓಡಿಸಬಾರದು, ಅದರ ಕಾಲು ಸದಾ ನೀರಿನಲ್ಲೇ ಇರಬೇಕು ಎಂದು ಯಾರೋ ಹೇಳಿದ್ದರಿಂದ ಗುಮಾಸ್ತರು ಅದನ್ನು ಮನೆಗೆ ಹೊತ್ತು ತಂದು, ಹಿತ್ತಲಲ್ಲಿ ಎರಡು ಕಲ್ಲಿನ ನಡುವೆ ಹಲಗೆ ಇಟ್ಟು ಕಚ್ಚಿಸಿ, ಕಾಲಡಿಗೆ ನೀರು ತುಂಬಿದ ಪೀಪಾಯಿ ನಿಲ್ಲಿಸಿದರು. ಒಂದು ಹೊಸ ಫೈಲು ತೆರೆದು, ಟ್ಯಾಗು ಪೋಣಿಸಿ, ಮೇಲೆ "ಮೋಟರು" ಎಂದು ದುಂಡಗೆ ಬರೆದರು. ಆಮೇಲೆ ಯಂತ್ರವನ್ನು ಸುತ್ತ ತಿರುಗಿ ಪರಿಶೀಲಿಸಿದರು.

ಟ್ಯಾಂಕಿನ ಮುಚ್ಚಳದ ನೆತ್ತಿಯಲ್ಲಿ ಒಂದು ಪುಟ್ಟ ಸ್ಕ್ರೂ ಸಡಿಲವಾಗಿತ್ತು. ಗುಮಾಸ್ತರಿಗೆ ಸಡಿಲವಾದದ್ದನ್ನು ಕಂಡರೆ ಆಗದು. ಕಚೇರಿ ಬಿಡುವಾಗ ಬೀಗವನ್ನು ಮೂರು ಸಲ ಎಳೆದು ನೋಡುವ ಆಸಾಮಿ. ಮನೆಯಲ್ಲಿ ಅವರು ನಲ್ಲಿ ನಿಲ್ಲಿಸಿದರೆ ಮತ್ತೆ ತಿರುಗಿಸಲು ಹೆಂಡತಿ ಇಕ್ಕಳ ತರಬೇಕು. "ಪಾಪ, ಇಷ್ಟು ದಿನ ಯಾರೂ ನೋಡಿಲ್ಲ," ಎಂದುಕೊಂಡು ಜೇಬಿನ ನಾಣ್ಯದಿಂದ ಅದನ್ನು ಗಟ್ಟಿಯಾಗಿ ಬಿಗಿದರು. ಆ ದಿನ ಅವರು ಅಚ್ಚುಕಟ್ಟಾಗಿ ಮಾಡಿದ ಕೆಲಸ ಅದೊಂದೇ.

ಆಮೇಲೆ ಹಗ್ಗ ಎಳೆದರು. ನಲವತ್ತು ಸಲ ಎಳೆದರು. ನಲವತ್ತೊಂದನೇ ಸಲಕ್ಕೆ ಕಾಂಪೌಂಡಿನ ಆಚೆಯಿಂದ ಒಂದು ತಲೆ ಮೇಲೆದ್ದಿತು. ಅದು ನಿವೃತ್ತ ಬಸ್ ಡ್ರೈವರದ್ದು.

"ಚೋಕು ಎಳೆದ್ರಾ?"

"ಎಳೆದೆ," ಎಂದರು ಗುಮಾಸ್ತರು. ಚೋಕು ಎನ್ನುವುದು ಎಲ್ಲಿದೆ, ಯಾವ ಬಣ್ಣದ್ದು ಎಂಬುದು ಅವರಿಗೆ ಗೊತ್ತಿರಲಿಲ್ಲ. ಆದರೆ ಮೋಟರು ಗೊತ್ತು ಎಂದು ಒಂದು ಸಲ ಹೇಳಿಯಾಗಿತ್ತು.

"ಎಳೆದಿದ್ರೆ ಹೀಗಿರ್ತಿತ್ತಾ? ಸರೀರಿ ಆ ಕಡೆ." ಡ್ರೈವರು ಗೋಡೆ ಹಾರಿ ಬಂದರು. ಪ್ಲಗ್ಗು ಬಿಚ್ಚಿ, ಪಂಚೆಯಲ್ಲಿ ಒರೆಸಿ, ಊದಿ, ಹಾಕಿದರು. ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲು ಇಣುಕಿ ನೋಡಿ ಮುಚ್ಚಿದರು. ಯಾವುದೋ ಗುಂಡಿಯನ್ನು ಹೊರಕ್ಕೆಳೆದು, ಹಗ್ಗಕ್ಕೆ ಒಂದೇ ಒಂದು ಜಗ್ಗು.

ಮೋಟರು ಹೊತ್ತಿಕೊಂಡಿತು! ಹಿತ್ತಲು ನಡುಗಿತು. ಪೀಪಾಯಿಯ ನೀರು ಕಾರಂಜಿಯಾಗಿ ಹಾರಿ ಇಬ್ಬರನ್ನೂ ತೋಯಿಸಿತು. ಹೊಗೆ ಇನ್ನೊಂದು ಬದಿಯ ಗೋಡೆ ದಾಟಿ ಆಚೆ ಮನೆಯ ಒಗೆದ ಬಟ್ಟೆಗಳ ನಡುವೆ ಹೊಕ್ಕಿತು.

"ಮೂವತ್ತೆಂಟು ವರ್ಷ ಸ್ಟೀರಿಂಗ್ ಹಿಡಿದಿದ್ದೀನಿ ಸ್ವಾಮಿ! ಪ್ಲಗ್ಗು! ಎಲ್ಲಾ ಇರೋದು ಪ್ಲಗ್ಗಲ್ಲೇ!" ಎಂದು ಕಿರುಚಿ, ಡ್ರೈವರು ಗೆದ್ದ ಮುಖ ಹೊತ್ತು ಗೋಡೆ ಹಾರಿ ಹೋದರು. ಅವರು ಹೋಗಿ ಒಂದು ನಿಮಿಷಕ್ಕೆ ಮೋಟರು ಎರಡು ಸಲ ಕೆಮ್ಮಿ ನಿಂತಿತು.

ಅಡುಗೆಮನೆಯ ಕಿಟಕಿಯಿಂದ ಹೆಂಡತಿಯ ದನಿ ಬಂತು. ಆಕೆ ಗೋಡೆ ಗಡಿಯಾರ ನೋಡಿಕೊಂಡೇ ನಿಂತಿದ್ದಳು.

"ನಾಲ್ಕು," ಎಂದಳು.

ಮರುದಿನ ಸಂಜೆ ಆಚೆ ಮನೆಯ ಕಂಪೌಂಡರು ಕಪ್ಪು ಮಸಿ ಹತ್ತಿದ ಬನಿಯನ್ನು ಹಿಡಿದು ಜಗಳಕ್ಕೆಂದು ಬಂದರು. ಅವರು ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ಔಷಧಿ ಕಲೆಸಿದವರು. ತಣ್ಣಗೆ ಕೂತಿದ್ದ ಮೋಟರನ್ನು ಕಂಡದ್ದೇ ಅವರ ಸಿಟ್ಟು ಇಳಿಯಿತು. ಖಾಯಿಲೆಯವರನ್ನು ಕಂಡರೆ ಅವರಿಗೆ ಸಿಟ್ಟು ಉಳಿಯುತ್ತಿರಲಿಲ್ಲ.

"ಎಷ್ಟು ಹೊತ್ತು ಓಡತ್ತೆ?"

"ನಾಲ್ಕು ನಿಮಿಷ."

"ವಯಸ್ಸು?"

"ಅರವತ್ತು."

"ಮತ್ತೆ! ನನ್ನನ್ನ ನಾಲ್ಕು ನಿಮಿಷ ಓಡಿಸಿ ನೋಡೋಣ. ಇದಕ್ಕೆ ಏನೂ ಆಗಿಲ್ಲ, ಸುಸ್ತು. ಒಂದು ಸಲ ಓಡಿಸಿ, ನಿಂತ ಕೂಡಲೇ ತಲೆಗೆ ಒದ್ದೆ ಬಟ್ಟೆ, ಅರ್ಧ ಗಂಟೆ ವಿಶ್ರಾಂತಿ. ಮತ್ತೆ ನೋಡಿ."

ಹಾಗೇ ಮಾಡಿದರು. ಅರ್ಧ ಗಂಟೆ ಮೋಟರು ತಲೆಗೆ ಬಟ್ಟೆ ಸುತ್ತಿಕೊಂಡು ಕೂತಿತು. ಕಂಪೌಂಡರು ಮುಚ್ಚಳ ತೆಗೆದು ವಾಸನೆ ನೋಡಿ, "ಚೆನ್ನಾಗಿದೆ," ಎಂದರು. ಗುಮಾಸ್ತರು ಮುಚ್ಚಳ ಹಾಕಿ, ಸ್ಕ್ರೂ ಬಿಗಿದು, ಹಗ್ಗ ಎಳೆದರು. ಹೊತ್ತಿಕೊಂಡಿತು. ಕಂಪೌಂಡರು ಎರಡು ನಿಮಿಷ ನೋಡಿ, ತಲೆದೂಗಿ, ಬನಿಯನ್ನಿನ ಮಾತನ್ನೇ ಮರೆತು ಹೊರಟರು.

"ನಾಲ್ಕು," ಎಂದಿತು ಕಿಟಕಿ.

ಇಲ್ಲಿಂದ ಬೀದಿಯಲ್ಲಿ ಎರಡು ಪಕ್ಷವಾಯಿತು. ಪ್ಲಗ್ಗಿನವರು ಮತ್ತು ವಿಶ್ರಾಂತಿಯವರು. ತಾನು ಹೋದ ಮೇಲೆ ಮೋಟರು ನಿಂತಿತು ಎಂಬುದನ್ನು ಡ್ರೈವರೂ ನಂಬಲಿಲ್ಲ, ಕಂಪೌಂಡರೂ ನಂಬಲಿಲ್ಲ. ಇನ್ನೊಬ್ಬರು ಬಂದು ಕೈಯಾಡಿಸಿದ್ದರಿಂದಲೇ ಕೆಟ್ಟಿತು ಎಂದು ಇಬ್ಬರಿಗೂ ಖಾತ್ರಿಯಿತ್ತು. ದಿನಾ ಸಂಜೆ ಗುಮಾಸ್ತರು ಕಚೇರಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಹಿತ್ತಲಲ್ಲಿ ಇಬ್ಬರೂ ಹಾಜರು. ಒಬ್ಬರು ಪ್ಲಗ್ಗು ಒರೆಸುವುದು, ಇನ್ನೊಬ್ಬರು ಬಟ್ಟೆ ಒದ್ದೆ ಮಾಡುವುದು. ಇಬ್ಬರೂ ಮುಚ್ಚಳ ತೆಗೆದು ಇಣುಕುವುದು. ಗುಮಾಸ್ತರು ಬಿಗಿಯುವುದು. ಮೋಟರು ನಾಲ್ಕು ನಿಮಿಷ ಓಡುವುದು. ನಡುವೆ ಗುಮಾಸ್ತರ ಬಲಗೈ ಮೊಣಕೈಯಿಂದ ಕೆಳಗೆ ತಮ್ಮದಲ್ಲವೆಂಬಂತೆ ಜೋತುಬಿದ್ದಿತು. ಕಚೇರಿಯಲ್ಲಿ ಅವರು ಎಡಗೈಯಲ್ಲಿ ಸಹಿ ಮಾಡತೊಡಗಿದರು.

"ಒಂದು ಮಾತು ಹೇಳಿಬಿಡಿ ಅವರಿಗೆ, ನನಗೆ ಇದೆಲ್ಲ ಬರಲ್ಲ, ಬರೋರನ್ನ ಕರೆಸ್ತೀನಿ ಅಂತ," ಎಂದಳು ಹೆಂಡತಿ, ಅವರ ಕೈಗೆ ಎಣ್ಣೆ ನೀವುತ್ತಾ.

"ಈಗ ಹೇಗೆ ಹೇಳ್ಲಿ? ಇಪ್ಪತ್ತು ದಿನ ಆಗಿಹೋಯ್ತು."

ಬರುವವರು ಕರೆಸದೆಯೇ ಬಂದರು. ಹೆಂಡತಿಯ ತಮ್ಮ. ಪ್ರಪಂಚದಲ್ಲಿ ತನಗೆ ತಿಳಿಯದ್ದು ಇನ್ನೂ ಹುಟ್ಟಿಲ್ಲ ಎಂದು ನಂಬಿದ್ದ ಭಾವಮೈದ ಒಂದು ಶನಿವಾರ ಕೈಚೀಲದ ತುಂಬ ಸ್ಪ್ಯಾನರು ತುಂಬಿಕೊಂಡು ಇಳಿದ.

"ಭಾವ, ಇದರಲ್ಲಿ ಏನೂ ಇಲ್ಲ. ಕಾರ್ಬುರೇಟರಲ್ಲಿ ಕಸ. ಹಾಸಿಗೆ ಮೇಲಿನ ಒಂದು ದುಪ್ಪಟಿ ಕೊಡಿ."

ಹೆಂಡತಿಯ ಒಳ್ಳೆಯ ದುಪ್ಪಟಿಯ ಮೇಲೆ ಮೋಟರು ನೂರಾರು ಚೂರಾಗಿ ಹರಡಿಕೊಂಡಿತು. ಬೆಳಿಗ್ಗೆ ಎಂಟಕ್ಕೆ ಬಿಚ್ಚಿದ್ದು, ಸಂಜೆ ಐದಕ್ಕೆ ಮತ್ತೆ ಒಂದಾಯಿತು. ಟ್ಯಾಂಕಿನಿಂದ ಪೆಟ್ರೋಲು ಬಿಡುವ ಪುಟ್ಟ ನಲ್ಲಿಯ ಹಿಡಿ ಮಾತ್ರ ಮುರಿದು ಭಾವಮೈದನ ಅಂಗೈಯಲ್ಲಿತ್ತು.

"ಇದು?" ಎಂದರು ಗುಮಾಸ್ತರು, ದನಿ ಸತ್ತು.

"ಅದು ಬೇಡ್ವೇ ಬೇಡ ಭಾವ. ನಲ್ಲಿ ತೆರೆದೇ ಇರೋ ಹಾಗೆ ತಂತಿ ಕಟ್ಟಿದ್ದೀನಿ. ಇನ್ನು ಯಾರೂ ಮರೆತು ಮುಚ್ಚೋ ಹಾಗಿಲ್ಲ." ಹೊಸ ಪೆಟ್ರೋಲು ಸುರಿದು, ಮುಚ್ಚಳ ಹಾಕಿ, ಎಳೆದ. ಹೊತ್ತಿಕೊಂಡಿತು. "ನೋಡಿದ್ರಾ! ಅಕ್ಕಾ, ನಾಳೆನೇ ದೊಡ್ಡಕ್ಕನ ಮನೆಗೆ ಹೋಗಿ ಬಾ!" ಎಂದವನೇ ಬಸ್ಸಿಗೆ ಓಡಿದ. ಮೂರು ನಿಮಿಷವಾಗಿತ್ತು.

ನಾಲ್ಕನೆಯ ನಿಮಿಷಕ್ಕೆ ಮೋಟರು ನಿಂತಾಗ ಕಿಟಕಿಯಿಂದ ಏನೂ ಕೇಳಿಸಲಿಲ್ಲ. ಹೆಂಡತಿ ದುಪ್ಪಟಿ ನೆನೆಹಾಕಲು ಹೋಗಿದ್ದಳು.

ಅಷ್ಟರಲ್ಲಿ ಸರ್ಕಾರ ಎಚ್ಚೆತ್ತಿತು. ಮೋಟರು ಕಟ್ಟಿದ ದೋಣಿ ಕೆರೆಗಿಳಿಯಬೇಕಾದರೆ ಪರವಾನಗಿ ಬೇಕು, ಪರವಾನಗಿಗೆ ತಪಾಸಣೆ ಆಗಬೇಕು. ದೋಣಿ ಇನ್‌ಸ್ಪೆಕ್ಟರು ಒಂದು ಗುರುವಾರ ಬೆಳಿಗ್ಗೆ ಕಂಕುಳಲ್ಲಿ ರಟ್ಟು, ರಟ್ಟಿನ ಮೇಲೆ ನಮೂನೆ, ಕಿವಿಯ ಮೇಲೆ ಪೆನ್ನು ಇಟ್ಟುಕೊಂಡು ಕಟ್ಟೆಗೆ ಬಂದರು. ಬೀದಿಯ ಎರಡೂ ಪಕ್ಷ ಅವರಿಗಿಂತ ಮೊದಲೇ ಬಂದು ನಿಂತಿತ್ತು. ಗುಮಾಸ್ತರು ಕಚೇರಿಗೆ ರಜೆ ಹಾಕಿ, ಮೋಟರನ್ನು ದೋಣಿಗೆ ಕಚ್ಚಿಸಿ, ಎಲ್ಲವನ್ನೂ ಎರಡೆರಡು ಸಲ ಬಿಗಿದು ಸಿದ್ಧವಾಗಿದ್ದರು.

"ನಿಯಮದ ಪ್ರಕಾರ ಹತ್ತು ನಿಮಿಷ ಓಡಬೇಕು," ಎಂದರು ಇನ್‌ಸ್ಪೆಕ್ಟರು, ಗಡಿಯಾರ ನೋಡುತ್ತಾ.

ದೋಣಿಯನ್ನು ಕಟ್ಟೆಗೆ ಕಟ್ಟಿಟ್ಟೇ ಓಡಿಸಿದರು. ನಾಲ್ಕು ನಿಮಿಷಕ್ಕೆ ಅದು ನಿಂತಿತು. ಪ್ಲಗ್ಗಿನವರು ನುಗ್ಗಿದರು. ಇನ್ನೊಂದು ನಾಲ್ಕು. ವಿಶ್ರಾಂತಿಯವರು ಒದ್ದೆ ಬಟ್ಟೆ ಹೊತ್ತು ನುಗ್ಗಿದರು. ಮತ್ತೊಂದು ನಾಲ್ಕು.

"ಒಟ್ಟು ಹನ್ನೆರಡಾಯ್ತಲ್ಲ ಸಾರ್," ಎಂದರು ಗುಮಾಸ್ತರು.

ಇನ್‌ಸ್ಪೆಕ್ಟರು ನಮೂನೆಯನ್ನು ಮೇಲಿಂದ ಕೆಳಗೆ ಓದಿದರು, ಕೆಳಗಿಂದ ಮೇಲೆ ಓದಿದರು. "ನೋಡಿ, ಓಡೋ ಎಂಜಿನ್ನಿಗೆ ಒಂದು ಕಾಲಂ ಇದೆ. ಓಡದ ಎಂಜಿನ್ನಿಗೆ ಒಂದು ಕಾಲಂ ಇದೆ. ನಿಂತು ನಿಂತು ಓಡೋದಕ್ಕೆ ನಾನೆಲ್ಲಿ ಬರೀಲಿ?"

"ಷರಾ ಅಂತ ಇರತ್ತಲ್ಲ ಸಾರ್, ಕೊನೇಲಿ?"

"ಷರಾದಲ್ಲಿ ಬರೆದ್ರೆ ಮೇಲಿನವರು ವಿವರಣೆ ಕೇಳ್ತಾರೆ."

ಇದು ಮಾತ್ರ ಗುಮಾಸ್ತರಿಗೆ ಪೂರ್ತಿ ಅರ್ಥವಾಯಿತು. ವಿವರಣೆ ಕೇಳಿ ಬಂದ ಕಾಗದಗಳ ಮೇಲೆಯೇ ಅವರ ಆಯುಷ್ಯ ಕಳೆದಿತ್ತು. ಇಬ್ಬರೂ ಕಟ್ಟೆಯ ಮೇಲೆ ಕೂತರು, ಒಂದೇ ವೃತ್ತಿಯ ಇಬ್ಬರು ದಣಿದ ಗಂಡಸರು. ಬಹಳ ಹೊತ್ತಿನ ಮೇಲೆ ಇನ್‌ಸ್ಪೆಕ್ಟರ ಮುಖ ಅರಳಿತು.

"ಹುಟ್ಟು ಇದೆಯಾ?"

"ಇದೆ."

"ಹಾಗಾದ್ರೆ ಇದು ಹುಟ್ಟಿನ ದೋಣಿ. ತಪಾಸಣೆ ಬೇಡ." ಪೆನ್ನು ಕಿವಿಯಿಂದ ಇಳಿಯಿತು. "ಸಾಗಿಸುವ ಸಾಮಾನು: ಹಳೇ ಮೋಟರು, ಒಂದು. ಅದು ಆಗಾಗ ಸದ್ದು ಮಾಡಿದ್ರೆ ಇಲಾಖೆಗೆ ಸಂಬಂಧ ಇಲ್ಲ."

ಪರವಾನಗಿ ಸಿಕ್ಕಿತು. ಆದರೆ ಹೆಂಡತಿಯ ನಮೂನೆಯಲ್ಲಿ ಷರಾದ ಕಾಲಂ ಇರಲಿಲ್ಲ. ಗುಮಾಸ್ತರು ಮನೆಗೆ ಬಂದು ಕಾಗದ ತೋರಿಸಿದಾಗ ಆಕೆ ಓದಿ, ಮಡಿಸಿ, ಹಿಂದಕ್ಕೆ ಕೊಟ್ಟಳು. ಬಟ್ಟೆ ತರಲು ಮಹಡಿಗೆ ಹೋದಳು, ಇಳಿದು ಬರಲು ಬಹಳ ಹೊತ್ತು ಮಾಡಿದಳು. ಗುಮಾಸ್ತರಿಗೆ ಆ ದಿನ ನಿಜವಾಗಿ ದುಃಖವಾಯಿತು. ಕೈನೋವು, ಬೆನ್ನುನೋವು, ಬೀದಿಯವರ ಗದ್ದಲ, ಇವೆಲ್ಲ ಸಹಿಸಬಹುದು. ಎರಡು ವರ್ಷ ಕಾದವಳಿಗೆ ಆಸೆ ತೋರಿಸಿ ಹೀಗೆ ನಡುವೆ ನಿಲ್ಲಿಸಿದ್ದನ್ನು ಹೇಗೆ ಸಹಿಸುವುದು?

ಮರುದಿನ ಅವರು ಸೀದಾ ದೋಣಿ ಮಾರಿದವನ ಮನೆಗೆ ಹೋದರು. ಹೇಳಿಬಿಡಬೇಕು, ಮೋಟರು ಹಿಂದಕ್ಕೆ ಕೊಟ್ಟುಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡರು. ಅವನು ಅಂಗಳದಲ್ಲಿ ಬಲೆ ಹೊಲಿಯುತ್ತಾ ಕೂತಿದ್ದ. ಇವರನ್ನು ಕಂಡು ಅವನ ಮುಖ ಬಾಡಿತು.

"ನೋಡಪ್ಪ, ನಿನ್ನ ಮೋಟರು ನಾಲ್ಕು ನಿಮಿಷ ಓಡಿ ನಿಂತುಹೋಗತ್ತೆ," ಎಂದರು ಗುಮಾಸ್ತರು.

ಅವನ ಕೈಯಿಂದ ಸೂಜಿ ಬಿತ್ತು. "ಓಡತ್ತಾ?!"

"ನಾಲ್ಕೇ ನಿಮಿಷ."

"ಸ್ವಾಮಿ! ಹನ್ನೊಂದು ವರ್ಷ ನನ್ನ ಹತ್ರ ಇತ್ತು. ಒಂದು ದಿನ, ಒಂದು ಸಲ ಹೊತ್ತಿಲ್ಲ! ನಮ್ಮಪ್ಪ ತಂದಿದ್ದು, ಅವನ ಕೈಲೂ ಹೊತ್ತಿಲ್ಲ!" ಅವನು ಎದ್ದು ನಿಂತು ಕೈಮುಗಿದ. "ನೀವು ಮೋಟರು ಗೊತ್ತು ಅಂದಾಗ ನಾನು ಮನಸ್ಸಲ್ಲೇ ನಕ್ಕಿದ್ದೆ. ತಪ್ಪಾಯ್ತು."

"ಇಲ್ಲಪ್ಪ, ನಿಜ ಹೇಳ್ತೀನಿ ಕೇಳು. ನನಗೆ ಏನೂ ಗೊತ್ತಿಲ್ಲ."

"ದೊಡ್ಡವರು ಹೀಗೇ ಮಾತಾಡೋದು," ಎಂದು ಅವನು ತನ್ನ ಹೆಂಡತಿಯನ್ನು ಕರೆದು ತೋರಿಸಿದ. "ನೋಡೇ, ಇವರೇ ಅದನ್ನ ಹೊತ್ತಿಸಿದವರು." ಅವಳೂ ಕೈಮುಗಿದಳು. ಗುಮಾಸ್ತರಿಗೆ ಬಿಸಿ ಚಹಾ ಬಂತು. ಅದನ್ನು ಕುಡಿದು, ಎದುರು ಮನೆಯವನ ಕೆಟ್ಟ ಪಂಪನ್ನು ನೋಡಲು ಮುಂದಿನ ವಾರ ಬರುತ್ತೇನೆಂದು ಒಪ್ಪಿ, ಅವರು ಮನೆಗೆ ಬಂದರು.

ಶನಿವಾರ ಸಂಜೆ ಒಂದು ರಟ್ಟಿನ ಮೇಲೆ "ಮಾರಾಟಕ್ಕಿದೆ" ಎಂದು ದುಂಡಗೆ ಬರೆಯುತ್ತಾ ಕೂತಿದ್ದಾಗ ಹೆಂಡತಿ ಬಂದು ಹಿಂದೆ ನಿಂತಳು.

"ಅದನ್ನ ಆಮೇಲೆ ಬರೆಯೋರಂತೆ. ನಾಳೆ ಬೆಳಿಗ್ಗೆ ಬರ್ತೀವಿ ಅಂತ ಅಕ್ಕನಿಗೆ ಹೇಳಿಬಿಟ್ಟೆ."

"ಹೇಗೆ?"

"ದೋಣೀಲಿ."

"ಅದು ನಿಂತುಹೋಗತ್ತಲ್ಲೇ!"

"ನಿಂತ ಮೇಲೆ ಮತ್ತೆ ಓಡತ್ತಲ್ಲ. ಒಂದು ತಿಂಗಳಿಂದ ನೋಡ್ತಿದ್ದೀನಿ, ಒಂದು ಸಲಾನೂ ಮತ್ತೆ ಓಡದೆ ಇಲ್ಲ. ಮೂರು ಸಲ ನಿಂತು ಹೋದ್ರಾಯ್ತು. ಬಸ್ಸಿಗಿಂತ ವಾಸಿ." ಆಮೇಲೆ ಮೆಲ್ಲಗೆ ಅಂದಳು, "ಅಕ್ಕ ಕೋಲು ಹಿಡಿದು ಕಟ್ಟೆ ತನಕ ಬಂದು ಕೂತಿರ್ತಾಳಂತೆ ರೀ. ಇಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ."

ಭಾನುವಾರ ಬೆಳಿಗ್ಗೆ ಬೀದಿಗೆ ಬೀದಿಯೇ ಕಟ್ಟೆಯ ಮೇಲಿತ್ತು. ಡ್ರೈವರು ಗುಮಾಸ್ತರ ಹೆಂಡತಿಯ ಕೈಗೆ ಒಂದು ಪ್ಲಗ್ಗು ಕೊಟ್ಟರು, ಕಂಪೌಂಡರು ಒಂದು ಒದ್ದೆ ಬಟ್ಟೆ ಕೊಟ್ಟರು. ಆಕೆ ಎರಡನ್ನೂ ಚೀಲಕ್ಕೆ ಹಾಕಿಕೊಂಡು, ಸೆರಗು ಸಿಕ್ಕಿಸಿ, ದೋಣಿಯ ನಟ್ಟನಡುವೆ ಕೂತು ಎರಡೂ ಅಂಚು ಗಟ್ಟಿಯಾಗಿ ಹಿಡಿದಳು. ಗುಮಾಸ್ತರು ಸ್ಕ್ರೂ ಬಿಗಿದು ಹಗ್ಗ ಎಳೆದರು. ದೋಣಿ ಹೊರಟಿತು.

ನಾಲ್ಕು ನಿಮಿಷಕ್ಕೆ ನಿಂತಿತು. ಇಬ್ಬರೂ ಅದಕ್ಕೆ ಸಿದ್ಧವಾಗಿದ್ದರು. ಗುಮಾಸ್ತರು ಮುಚ್ಚಳ ತೆಗೆದು ಇಣುಕಿ, ಹಾಕಿ, ಬಿಗಿದು ಎಳೆದರು. ಓಡಿತು. ಎಂಟನೆಯ ನಿಮಿಷಕ್ಕೆ ಮತ್ತೆ ನಿಂತಿತು. ಈಗ ನಡು ಕೆರೆ. ಸುತ್ತ ಎಲ್ಲಿ ನೋಡಿದರೂ ನೀರು, ಸದ್ದೇ ಇಲ್ಲ. ಗುಮಾಸ್ತರಿಗೆ ಕೈ ಏಳಲಿಲ್ಲ. ಅವರು ಮೋಟರಿಗೆ ಬೆನ್ನು ಕೊಟ್ಟು ಕೂತುಬಿಟ್ಟರು.

"ನನಗೆ ಇದರ ಗಂಧಗಾಳಿ ಗೊತ್ತಿಲ್ಲ ಕಣೇ," ಎಂದರು.

"ಅದು ನನಗೆ ಮೊದಲನೇ ದಿನಾನೇ ಗೊತ್ತು. ಸರೀರಿ, ನೀವು ಸುಧಾರಿಸ್ಕೊಳ್ಳಿ. ಮುಚ್ಚಳ ತೆಗೆದು ನೋಡೋದು ತಾನೇ? ನಾನು ನೋಡ್ತೀನಿ."

ಆಕೆ ಕೂತಲ್ಲಿಂದಲೇ ಹಿಂದಕ್ಕೆ ಸರಿದು, ಮುಚ್ಚಳ ತಿರುಗಿಸಿದಳು. ಟ್ಯಾಂಕು "ಉಸ್ಸ್" ಎಂದು ಉದ್ದಕ್ಕೆ ಉಸಿರೆಳೆದುಕೊಂಡಿತು. ಗದ್ದಲದ ಹಿತ್ತಲಲ್ಲಿ ಯಾರಿಗೂ ಕೇಳಿಸದ ಸದ್ದು ಆ ನೀರಿನ ನಡುವೆ ಸ್ಪಷ್ಟವಾಗಿ ಕೇಳಿಸಿತು.

"ಇದೇನ್ರೀ, ಗಾಳಿ ಒಳಗೆ ಎಳ್ಕೊಳ್ತು? ಮೇಲೆ ಈ ಸ್ಕ್ರೂ ಯಾಕಿದೆ?"

"ಅದು ಸಡಿಲ ಇತ್ತು. ಪ್ರತಿಸಲ ನಾನೇ ನೆನಪಿಟ್ಟು ಬಿಗೀತೀನಿ."

ಹೆಂಡತಿ ಅವರನ್ನು ನೋಡಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಇಕ್ಕಳ ಹಿಡಿದು ನಲ್ಲಿ ತಿರುಗಿಸಿದ ಪ್ರತಿಯೊಂದು ಬೆಳಗೂ ಆ ನೋಟದಲ್ಲಿತ್ತು.

"ಎಣ್ಣೆ ಡಬ್ಬಕ್ಕೆ ಒಂದೇ ತೂತು ಹಾಕಿದ್ರೆ ಎಣ್ಣೆ ಬರತ್ತಾ? ಎದುರಿಗೆ ಇನ್ನೊಂದು ಹಾಕ್ಬೇಕು, ಗಾಳಿ ಹೋಗೋಕೆ. ಅಡುಗೆಮನೆಗೆ ಬಂದು ಒಂದು ಸಲ ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಗುಮಾಸ್ತರ ಜೇಬಿನಿಂದ ನಾಣ್ಯ ತೆಗೆದು ಸ್ಕ್ರೂ ಸಡಿಲ ಮಾಡಿದಳು. "ಈಗ ಎಳೀರಿ."

ಎಳೆದರು. ಓಡಿತು. ಹೆಂಡತಿ ಮೊಬೈಲು ನೋಡುತ್ತಾ ಕೂತಳು. "ನಾಲ್ಕು," ಎಂದಳು. ಗುಮಾಸ್ತರು ಉಸಿರು ಬಿಗಿಹಿಡಿದರು. ಮೋಟರು ಕೆಮ್ಮಲಿಲ್ಲ.

"ಐದು!" ಎಂದಳು ಹೆಂಡತಿ.

ಐದು ಎಂಬ ಸಂಖ್ಯೆ ಇಷ್ಟು ಚೆನ್ನಾಗಿದೆ ಎಂದು ಗುಮಾಸ್ತರಿಗೆ ಗೊತ್ತೇ ಇರಲಿಲ್ಲ. ಅವರು ಮುಖ ಆಚೆ ತಿರುಗಿಸಿಕೊಂಡರು. ಅವರ ಕಣ್ಣಲ್ಲಿ ನೀರು ಬಂದಿತ್ತು, ಮತ್ತು ಹೊಗೆ ಆಗ ಆ ಕಡೆಗೆ ಬೀಸುತ್ತಿರಲಿಲ್ಲ.

ಏಳನೆಯ ನಿಮಿಷಕ್ಕೆ ಆಚೆ ಕಟ್ಟೆ ಕಣ್ಣೆದುರಿಗೆ ಬಂತು. ಕಟ್ಟೆಯ ಮೇಲೆ ಒಂದು ಕುರ್ಚಿ, ಕುರ್ಚಿಯಲ್ಲಿ ಕೋಲು ಹಿಡಿದ ಅಕ್ಕ. ಅವಳು ಕಷ್ಟಪಟ್ಟು ಎದ್ದು ನಿಂತು ಕೈಬೀಸಿದಳು.

"ನಿಲ್ಸಿ ರೀ," ಎಂದಳು ಹೆಂಡತಿ.

ಗುಮಾಸ್ತರು ಮೋಟರನ್ನು ನೋಡಿದರು. ಮೋಟರನ್ನು ನಿಲ್ಲಿಸುವುದು! ಒಂದು ತಿಂಗಳಿಂದ ಅದನ್ನು ಓಡಿಸಲು ಹೆಣಗಿದವರೇ ಎಲ್ಲರೂ. ನಿಲ್ಲುವ ಕೆಲಸವನ್ನು ಅದು ತಾನಾಗಿಯೇ ನೋಡಿಕೊಳ್ಳುತ್ತಿತ್ತು. ಪೆಟ್ರೋಲಿನ ನಲ್ಲಿ ಮುಚ್ಚೋಣವೆಂದರೆ ಭಾವಮೈದನ ತಂತಿ ಅಲ್ಲಾಡಲಿಲ್ಲ. ಪ್ಲಗ್ಗಿನ ವೈರ್‌ಗೆ ಕೈಹಾಕಿದರು. ಅದು ಅವರನ್ನು ಕೂತಲ್ಲೇ ಒಂದು ಗೇಣು ಮೇಲಕ್ಕೆ ಹಾರಿಸಿತು. ಕಟ್ಟೆಯ ಕಲ್ಲು ಎದುರಿಗೆ ಬಂದಾಗ ಅವರು ಮೋಟರಿನ ಹಿಡಿಯನ್ನು ಪೂರ್ತಿ ಒಂದು ಕಡೆಗೆ ದೂಡಿದರು. ದೋಣಿ ಅಕ್ಕನ ಮುಂದಿನಿಂದ ಸರ್ರನೆ ತಿರುಗಿ ಮತ್ತೆ ಕೆರೆಯ ಕಡೆಗೆ ಹೊರಟಿತು.

"ಎಲ್ಲಿಗೇ ಹೋಗ್ತಿದ್ದೀರಾ?" ಎಂದು ಅಕ್ಕ ಕೂಗಿದ್ದು ಹಿಂದಿನಿಂದ ಕೇಳಿಸಿತು.

"ಸ್ಕ್ರೂ ಬಿಗೀರಿ!" ಎಂದು ಕಿರುಚಿದಳು ಹೆಂಡತಿ. "ಮೊದಲಿನ ಹಾಗೇ ಬಿಗೀರಿ!"

ಗುಮಾಸ್ತರು ಬಿಗಿದರು. ಈ ಒಂದು ಕೆಲಸ ಅವರಿಗೆ ಬರುತ್ತಿತ್ತು. ಇನ್ನು ನಾಲ್ಕು ನಿಮಿಷ. ಅಷ್ಟು ಹೊತ್ತು ದೋಣಿ ಕಟ್ಟೆಯ ಮುಂದೆ ದುಂಡಗೆ ಸುತ್ತತೊಡಗಿತು.

"ಮಂಡಿ ಹೇಗಿದೆಯೇ ಅಕ್ಕಾ?" ಎಂದು ಹೆಂಡತಿ ಮೊದಲ ಸುತ್ತಿನಲ್ಲಿ ಕೂಗಿದಳು.

"ವಾಸಿ ಕಣೇ! ನೀವ್ಯಾಕೆ ಇಳೀತಿಲ್ಲ?" ಎಂದಳು ಅಕ್ಕ ಎರಡನೆಯ ಸುತ್ತಿನಲ್ಲಿ.

"ಇವರಿಗೆ ನಿಲ್ಲಿಸೋಕೆ ಬರಲ್ಲ!"

"ಊಟ ಆರ್ತಾ ಇದೆ!" ಎಂದು ಮೂರನೆಯದರಲ್ಲಿ. ಅಕ್ಕ ಈಗ ನಗುತ್ತಿದ್ದಳು, ಕೋಲಿನ ಮೇಲೆ ಬಾಗಿ, ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು. ಹೆಂಡತಿಯೂ ನಗುತ್ತಿದ್ದಳು. ಗುಮಾಸ್ತರೊಬ್ಬರೇ ನಗದೆ, ಅತ್ಯಂತ ಗಂಭೀರವಾಗಿ, ಹಿಡಿಯನ್ನು ಎದೆಗೊತ್ತಿಕೊಂಡು ದೋಣಿಯನ್ನು ಸುತ್ತಿಸುತ್ತಿದ್ದರು.

ನಾಲ್ಕನೆಯ ಸುತ್ತಿನಲ್ಲಿ, ಕಟ್ಟೆಯಿಂದ ಎರಡು ಮಾರು ದೂರದಲ್ಲಿ, ಮೋಟರು ಎರಡು ಸಲ ಕೆಮ್ಮಿ ನಿಂತಿತು. ಹೆಂಡತಿಗೆ ಅದು ನಿಂತದ್ದು ಗೊತ್ತಾಗಲಿಲ್ಲ. ಆಕೆ ಎರಡೂ ಕೈಯನ್ನು ಬಾಯಿಗಿಟ್ಟುಕೊಂಡು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ, ಮೌನವಾದ ಕೆರೆಯ ಮೇಲೆ ಕೂಗಿದಳು:

"ಎಷ್ಟು ಸಣ್ಣಗಾಗಿಬಿಟ್ಟಿದ್ದೀಯಲ್ಲೇ ಅಕ್ಕಾ! ಫೋನಲ್ಲಿ ಒಂದು ದಿನಾನೂ ಹೇಳಲಿಲ್ವಲ್ಲೇ!"

ಮಾತು ನೀರಿನ ಮೇಲೆ ಹೋಗಿ ದಡಕ್ಕೆ ಬಡಿದು ವಾಪಸ್ಸು ಬಂತು. ಆಕೆಯ ಕೈಗಳು ಬಾಯಿಯ ಹತ್ತಿರವೇ ಉಳಿದವು. ಅಕ್ಕನ ನಗು ನಿಂತಿತು. ಗುಮಾಸ್ತರು ಏನೂ ಕೇಳದವರಂತೆ ಹುಟ್ಟು ಎತ್ತಿಕೊಂಡು, ನೋಯುವ ಕೈಯಿಂದ ನೀರನ್ನು ಹಿಂದಕ್ಕೆ ತಳ್ಳಿದರು. ದೋಣಿ ಮೆಲ್ಲಗೆ ಬಂದು ಕಲ್ಲಿಗೆ ತಾಗಿತು.

ಅಕ್ಕ ಕೋಲನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈ ಚಾಚಿದಳು.

"ಯಾಕೆ ಹಾಗೆ ಕೂಗ್ತೀಯೆ," ಎಂದಳು. "ಇಲ್ಲೇ ಇದ್ದೀನಲ್ಲ."